ಯೋಧರ ನೆನಪೂ ದಾಖಲೆಯ ದಿನಾಂಕವೂ

ಪ್ರಶ್ನೆ: ನಾನು ಇತಿಹಾಸ ಓದುತ್ತಿರುವ ಪದವಿ ವಿದ್ಯಾರ್ಥಿನಿ. ಯುದ್ಧದಲ್ಲಿ ಪಾಲ್ಗೊಂಡಿದ್ದ ನಿವೃತ್ತ ಯೋಧರೊಬ್ಬರನ್ನು ಸಂದರ್ಶಿಸಿ ವರದಿ ಬರೆಯಬೇಕಿದೆ. ಎರಡು ಗಂಟೆ ಮಾತನಾಡಿದರೂ ಅವರು ಕಾಳಗದ ವಿಷಯಕ್ಕೆ ಬರಲೇ ಇಲ್ಲ. ಒದ್ದೆಯಾದ ಬೂಟು, ತಡವಾಗಿ ತಲುಪುತ್ತಿದ್ದ ಕಾಗದ, ರಾತ್ರಿಯ ಕಾವಲು ಇವನ್ನೇ ಹೇಳಿದರು. ಜೊತೆಗಾರನೊಬ್ಬ ಕದನವಿರಾಮದ ದಿನವೇ ತೀರಿಕೊಂಡನೆಂದು ಒಂದೇ ಮಾತಿನಲ್ಲಿ ಹೇಳಿ ಸುಮ್ಮನಾದರು. ಆದರೆ ಅವನು ಸತ್ತ ಕಾಳಗ ಕದನವಿರಾಮಕ್ಕೆ ನಾಲ್ಕು ದಿನ ಮೊದಲೇ ಮುಗಿದಿತ್ತೆಂದು ಗ್ರಂಥಾಲಯದ ಪುಸ್ತಕದಲ್ಲಿದೆ. ನನ್ನ ಸಂದರ್ಶನ ವಿಫಲವಾಯಿತೇ? ಪುಸ್ತಕದಲ್ಲಿ ಸಿಗದ ಯಾವುದನ್ನು ಇದರಿಂದ ಕಲಿಯಬಹುದು?

ಉತ್ತರ: ವಿಫಲವಾಗಿಲ್ಲ. ನಿಮಗೆ ದೋಷವೆಂದು ಕಂಡ ಆ ನಾಲ್ಕು ದಿನಗಳ ಅಂತರವೇ ನಿಮ್ಮ ಕೈಗೆ ಸಿಕ್ಕಿರುವ ಅತ್ಯಂತ ಬೆಲೆಯುಳ್ಳ ವಸ್ತುವೆಂದು ನನಗನಿಸುತ್ತದೆ.

ಮೌಖಿಕ ಇತಿಹಾಸದ, ಅಂದರೆ ಜನರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಇತಿಹಾಸದ, ಅಧ್ಯಯನದಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. ಇಟಲಿಯ ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಯುವ ಕಾರ್ಮಿಕ 1949ರಲ್ಲಿ ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಸತ್ತ. ಅಂದು ಕಾರ್ಮಿಕರು ಬೀದಿಗಿಳಿದದ್ದು ತಮ್ಮ ದೇಶ ನ್ಯಾಟೋ ಎಂಬ ಪಾಶ್ಚಾತ್ಯ ದೇಶಗಳ ಸೇನಾ ಕೂಟವನ್ನು ಸೇರುವುದನ್ನು ವಿರೋಧಿಸಿ. ದಶಕಗಳ ನಂತರ ಅಲೆಸ್ಸಾಂದ್ರೋ ಪೋರ್ತೆಲ್ಲಿ ಎಂಬ ವಿದ್ವಾಂಸರು ಅಲ್ಲಿನ ಹಿರಿಯರನ್ನು ಮಾತನಾಡಿಸಿದಾಗ, ಹಲವರು ಆ ಸಾವು 1953ರಲ್ಲಿ, ಕಾರ್ಖಾನೆಯು ಕಾರ್ಮಿಕರನ್ನು ಸಾಮೂಹಿಕವಾಗಿ ಕೆಲಸದಿಂದ ತೆಗೆದಾಗ ನಡೆದ ಹೋರಾಟದಲ್ಲಿ ಸಂಭವಿಸಿತೆಂದು ಹೇಳಿದರು. ಪೋರ್ತೆಲ್ಲಿಯವರು ಅದನ್ನು ತಿದ್ದಿ ಮುಂದೆ ಸಾಗಲಿಲ್ಲ. ಇಷ್ಟು ಜನರ ನೆನಪು ಒಂದೇ ದಿಕ್ಕಿಗೆ ಏಕೆ ಸರಿಯಿತೆಂದು ಕೇಳಿಕೊಂಡರು. ತಮ್ಮ ಬದುಕಿನ ದೊಡ್ಡ ಹೋರಾಟದೊಡನೆ ಆ ಸಾವನ್ನು ಜೋಡಿಸಿದಾಗ ಮಾತ್ರ ಅದಕ್ಕೆ ತಕ್ಕ ಅರ್ಥ ದೊರೆಯುತ್ತಿತ್ತು ಎಂಬುದು ಅವರು ಕಂಡುಕೊಂಡ ಉತ್ತರ.

ನಿಮ್ಮ ಯೋಧರ ವಿಷಯದಲ್ಲಿ ನೆನಪು ಸರಿದಿರುವ ದಿಕ್ಕನ್ನು ಗಮನಿಸಿ. ಇನ್ನೊಂದು ದಿನ ಕಳೆದಿದ್ದರೆ ಬದುಕುತ್ತಿದ್ದ ಎಂಬ ಸಂಕಟವನ್ನು ಕದನವಿರಾಮದ ದಿನಕ್ಕಿಂತ ಚೆನ್ನಾಗಿ ಹೇಳುವ ದಿನಾಂಕ ಇನ್ನೊಂದಿಲ್ಲ. ಇದು ನನ್ನ ಊಹೆ ಮಾತ್ರ. ಸಾವಿನ ಸುದ್ದಿ ಅವರ ತುಕಡಿಗೆ ತಡವಾಗಿ ತಲುಪಿದ್ದಿರಬಹುದು, ಪುಸ್ತಕವೇ ತಪ್ಪಿದ್ದರೂ ಇರಬಹುದು. ಆದ್ದರಿಂದ ವರದಿಯಲ್ಲಿ ಎರಡೂ ದಿನಾಂಕಗಳನ್ನು ಬರೆಯಿರಿ. ಅವರ ಮಾತನ್ನು ತಿದ್ದಬೇಡಿ, ಪುಸ್ತಕವನ್ನೂ ಮುಚ್ಚಿಡಬೇಡಿ.

ಇನ್ನು ಬೂಟಿನ ವಿಷಯ. ಅದನ್ನು ನೀವು ಹಾದಿ ತಪ್ಪಿದ ಮಾತೆಂದು ಭಾವಿಸಿದ್ದೀರಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ತಣ್ಣನೆಯ ನೀರಿನಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಪಾದಗಳು ಮರಗಟ್ಟಿ ಕೊಳೆಯತೊಡಗಿದ್ದವು. ಅದನ್ನು ತಡೆಯಲು ಕಾಲಿಗೆ ತಿಮಿಂಗಿಲದ ಎಣ್ಣೆ ಹಚ್ಚಿಸಿ, ಕಾಲುಚೀಲ ಬದಲಾಯಿಸಿ, ಅಧಿಕಾರಿಗಳೇ ಪಾದಗಳನ್ನು ಪರೀಕ್ಷಿಸುವ ಕ್ರಮವನ್ನು ಬ್ರಿಟಿಷ್ ಸೇನೆ ಜಾರಿಗೆ ತಂದಿತು. ಅಂದರೆ ಬೂಟು ಯುದ್ಧದ ಹೊರಗಿನ ವಸ್ತುವಲ್ಲ. ನಕಾಶೆಯ ಮೇಲೆ ಬಾಣದ ಗುರುತಾಗಿ ಕಾಣುವ ಮುನ್ನಡೆಯು ನೆಲದ ಮೇಲೆ ಒದ್ದೆ ಪಾದಗಳ ನಡಿಗೆಯಾಗಿರುತ್ತದೆ, ಮತ್ತು ಸೈನಿಕನ ಕಾಲದಲ್ಲಿ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ. ಕಾದದ್ದನ್ನು ಅವರು ಎರಡು ಗಂಟೆ ಹೇಳಿದ್ದರೆ ಯುದ್ಧವನ್ನೇ ಹೇಳಿದ್ದಾರೆ.

ಮೌನದ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಯುದ್ಧದ ಆಘಾತಕ್ಕೆ ‘ಶೆಲ್ ಶಾಕ್’ ಎಂಬ ಹೆಸರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡದ್ದು 1915ರಲ್ಲಿ. ಪಿಟಿಎಸ್‌ಡಿ ಎಂದು ಇಂದು ಕರೆಯುವ, ಆಘಾತದ ನಂತರವೂ ಕಾಡುವ ಮಾನಸಿಕ ಸ್ಥಿತಿ ಅಮೆರಿಕದ ಮನೋವೈದ್ಯರ ಸಂಘದ ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ತಮಗೇನಾಗಿದೆ ಎಂದು ಹೇಳಿಕೊಳ್ಳಲು ಪದವೇ ಇಲ್ಲದೆ ಎಷ್ಟೋ ಯೋಧರು ಮುದುಕರಾದರು. ಎಷ್ಟು ಜನರನ್ನು ಕೊಂದಿರಿ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲವೆಂದು ನಂಬುತ್ತೇನೆ. ಕುತೂಹಲಕ್ಕೂ ಒಂದು ಮರ್ಯಾದೆಯಿದೆ. ಅವರು ಸುಮ್ಮನಾದಾಗ ನೀವೂ ಸುಮ್ಮನಿದ್ದರೆ ಸಾಕಾಗಿತ್ತು. ಬರೆಯುವಾಗ ಆ ಮೌನವನ್ನು ಅಳಿಸದೆ, ಎಷ್ಟು ಹೊತ್ತು, ಯಾವ ಮಾತಿನ ನಂತರ ಎಂದು ಗುರುತಿಸಿ.

ಹಾಗೆಂದು ಯೋಧರು ಹೇಳಿದ್ದೆಲ್ಲವೂ ಪ್ರಮಾಣವಾಗುವುದಿಲ್ಲ. ಅವರು ಕಂಡದ್ದು ತಾವು ನಿಂತಿದ್ದ ಜಾಗದಿಂದ ಕಾಣುವಷ್ಟನ್ನು ಮಾತ್ರ, ಮತ್ತು ಸಂದರ್ಶನಕ್ಕೆ ಸಿಗುವವರು ಬದುಕಿ ಬಂದವರು ಮಾತ್ರ. ಹಲವು ಬಾರಿ ಹೇಳಿದ ಕಥೆ ನಯವಾಗಿರುತ್ತದೆ. ‘ಆಗ ನಿಮಗೆ ಹೇಗನಿಸಿತು’ ಎಂದು ಕೇಳಿದರೆ ಆ ನಯವಾದ ಕಥೆಯೇ ಮರಳಿ ಬರುತ್ತದೆ. ‘ಆ ರಾತ್ರಿ ಎಲ್ಲಿ ಮಲಗಿದ್ದಿರಿ, ಪಕ್ಕದಲ್ಲಿ ಯಾರಿದ್ದರು’ ಎಂದು ಕೇಳಿದರೆ ಅವರು ಕಥೆಯನ್ನು ಬಿಟ್ಟು ನೆನಪಿನೊಳಗೆ ಹುಡುಕಬೇಕಾಗುತ್ತದೆ.

ಧ್ವನಿಮುದ್ರಿಕೆಯನ್ನು ಕತ್ತರಿಸದೆ ಇಟ್ಟುಕೊಳ್ಳಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದಲ್ಲಿ ಆರಂಭವಾದ ತನ್ನ ಯೋಧರ ಇತಿಹಾಸ ಯೋಜನೆಗೆ ಕನಿಷ್ಠ 30 ನಿಮಿಷಗಳ, ಸಂಕಲನ ಮಾಡದ ಸಂದರ್ಶನಗಳನ್ನೇ ಕೇಳುತ್ತದೆ. ಇಂದು ನಿಮಗೆ ನಿರುಪಯುಕ್ತವೆನಿಸಿದ ಭಾಗವೇ ಮುಂದಿನ ಸಂಶೋಧಕರಿಗೆ ಬೇಕಾಗಬಹುದು.

ವರದಿ ಸಲ್ಲಿಸುವ ಮೊದಲು ಬರಹರೂಪದ ಪ್ರತಿಯೊಂದಿಗೆ ಮತ್ತೊಮ್ಮೆ ಅವರ ಬಳಿಗೆ ಹೋಗಿ, ಓದಿ ಹೇಳಿ. ದಿನಾಂಕದ ವಿಷಯ ಎತ್ತುವುದಾದರೆ ‘ಪುಸ್ತಕದಲ್ಲಿ ಹೀಗಿದೆ, ನಿಮಗೆ ಏನು ನೆನಪಿದೆ’ ಎಂದಷ್ಟೇ ಕೇಳಿ. ಸತ್ತ ಜೊತೆಗಾರನ ಹೆಸರು ವರದಿಯಲ್ಲಿ ಬೇಡವೆಂದು ಅವರು ಹೇಳಿದರೆ, ಕಾರಣ ಕೇಳದೆ ತೆಗೆದುಬಿಡಿ.