‘ಯಾಕೆ?’ ಎಂಬುದು ಗದರಿಕೆಯಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕುಮಟಾ ಕಡೆಯವಳು. ಬೆಂಗಳೂರಿನಲ್ಲಿ ದೃಶ್ಯಕಲಾ ಪದವಿ ಮುಗಿಸಿ, ಕಳೆದ ಅಕ್ಟೋಬರ್‌ನಿಂದ ಜರ್ಮನಿಯ ಕಲಾ ಅಕಾಡೆಮಿಯೊಂದರಲ್ಲಿ ಓದುತ್ತಿದ್ದೇನೆ. ಇಲ್ಲಿ ವೇಳಾಪಟ್ಟಿಯಿಲ್ಲ, ಯಾರೂ ಅಭ್ಯಾಸ ಕೊಡುವುದಿಲ್ಲ, ಪ್ರಾಧ್ಯಾಪಕರು ಎರಡು ವಾರಕ್ಕೊಮ್ಮೆ ಬರುತ್ತಾರೆ. ನವೆಂಬರ್‌ನಲ್ಲಿ ನಾನು ತೋರಿಸಿದ ಚಿತ್ರವನ್ನು ನೋಡಿ ಅವರು ಎಲ್ಲರ ಎದುರಿಗೆ “ಈ ಕೆಂಪು ಯಾಕೆ? ಈ ಗೆರೆ ಇಲ್ಲಿ ಯಾಕೆ?” ಎಂದು ಕೇಳಿದರು. ಉತ್ತರ ಹೊಳೆಯದೆ ತಲೆತಗ್ಗಿಸಿ ನಿಂತೆ. ಅಂದಿನಿಂದ ಸ್ಟುಡಿಯೋಗೆ ಹೋಗಲು ಮನಸ್ಸು ಬರುತ್ತಿಲ್ಲ. ನಮ್ಮ ಊರಿನ ಕೆಂಪು-ಬಿಳಿ ಗೋಡೆಚಿತ್ರಗಳ ಕಾವಿ ಕಲೆಯನ್ನು ಹಿಡಿದು ಕೆಲಸ ಮಾಡಿದರೆ ‘ಭಾರತದ ಹುಡುಗಿ’ ಎಂಬ ಹಣೆಪಟ್ಟಿ ಬೀಳುತ್ತದೆಂದು ಅದನ್ನೂ ಬಿಟ್ಟಿದ್ದೇನೆ. ಮನೆಯವರು ಸಾಲ ಮಾಡಿ ಕಳುಹಿಸಿದ್ದಾರೆ; ಅವರಿಗೆ ಏನನ್ನೂ ಹೇಳಿಲ್ಲ. ಫೆಬ್ರುವರಿಯಲ್ಲಿ ಅಕಾಡೆಮಿಯ ವಾರ್ಷಿಕ ಪ್ರದರ್ಶನವಿದೆ. ನಾನು ಇಲ್ಲಿ ನೆಲೆನಿಲ್ಲಬಲ್ಲೆನೆ?

ಉತ್ತರ: ನಿಮ್ಮ ಪತ್ರವನ್ನು ಓದುವಾಗ ನನ್ನ ಕಣ್ಣು ಆ ಎರಡು ‘ಯಾಕೆ’ಗಳ ಮೇಲೆಯೇ ನಿಂತಿತು. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಹಿರಿಯರ ಬಾಯಿಂದ “ಯಾಕೆ ಹೀಗೆ ಮಾಡಿದೆ?” ಎಂಬ ಮಾತು ಬಂದರೆ ಅದು ಪ್ರಶ್ನೆಯಲ್ಲ, ತಪ್ಪು ಮಾಡಿದ್ದೀಯೆಂಬ ತೀರ್ಪು, ಅದಕ್ಕೆ ಉತ್ತರಿಸಿದರೆ ‘ಎದುರುತ್ತರ’ ಎನ್ನಿಸಿಕೊಳ್ಳುತ್ತದೆ. ಹಾಗಾಗಿ ಮೌನವಾಗಿ ನಿಲ್ಲುವುದನ್ನೇ ನಾವು ವಿನಯವೆಂದು ಕಲಿತಿದ್ದೇವೆ. ಜರ್ಮನಿಯ ಕಲಾ ತರಗತಿಯಲ್ಲಿ ಅದೇ ಪದ ನಿಜವಾದ ಪ್ರಶ್ನೆಯಾಗಿರುತ್ತದೆ. ಕೇಳಿದವರಿಗೆ ಉತ್ತರ ಗೊತ್ತಿರುವುದಿಲ್ಲ, ಅದನ್ನು ನಿಮ್ಮಿಂದಲೇ ತಿಳಿಯಬೇಕೆಂದು ಅವರು ಕಾಯುತ್ತಾರೆ, ನೀವು ಸುಮ್ಮನಾದರೆ ನಿಮಗೆ ಮಾತನಾಡುವ ಇಷ್ಟವಿಲ್ಲವೆಂದು ಭಾವಿಸಿ ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ನಾನೂ ಹೊರದೇಶದಲ್ಲಿ ಪ್ರಿಂಟ್‌ಮೇಕಿಂಗ್ (ಅಚ್ಚಿನ ಚಿತ್ರಕಲೆ) ಕಲಿತವಳು. ಮೊದಲ ಚಳಿಗಾಲವನ್ನೆಲ್ಲ ಇದೇ ತಪ್ಪು ತಿಳಿವಳಿಕೆಯಲ್ಲಿ ಕಳೆದುಕೊಂಡ ನೋವು ನನಗಿದೆ. ನಿಮಗೆ ಹಾಗಾಗುವುದು ಬೇಡ.

ವೇಳಾಪಟ್ಟಿ ಇಲ್ಲದಿರುವುದೂ ಅಲಕ್ಷ್ಯದಿಂದಲ್ಲ. ಅಲ್ಲಿನ ಅಕಾಡೆಮಿಗಳ ಬೆನ್ನೆಲುಬು ‘ಕ್ಲಾಸೆ’ ಎಂಬ ಪದ್ಧತಿ. ಒಬ್ಬ ಪ್ರಾಧ್ಯಾಪಕರು, ಅವರ ಸುತ್ತ ಮೊದಲ ವರ್ಷದವರಿಂದ ಕೊನೆಯ ವರ್ಷದವರವರೆಗೆ ಒಂದೇ ಸ್ಟುಡಿಯೋದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು. ಇದು ನಮ್ಮ ಕಾಲೇಜಿನ ತರಗತಿಗಿಂತ ಹೆಚ್ಚಾಗಿ ಒಂದು ಕೂಡುಕುಟುಂಬವನ್ನು ಹೋಲುತ್ತದೆ. ಪಾಠದ ಮುಖ್ಯ ರೂಪ ಗುಂಪಿನ ಮಾತುಕತೆ. 1961ರಲ್ಲಿ ಡ್ಯೂಸೆಲ್ಡಾರ್ಫ್ ಅಕಾಡೆಮಿಗೆ ಶಿಲ್ಪಕಲೆಯ ಪ್ರಾಧ್ಯಾಪಕರಾಗಿ ಬಂದ ಯೋಸೆಫ್ ಬಾಯ್ಸ್ ಅವರು ವಿದ್ಯಾರ್ಥಿಗಳನ್ನು ವೃತ್ತಾಕಾರವಾಗಿ ಕೂರಿಸಿಕೊಂಡು ಗಂಟೆಗಟ್ಟಲೆ ಚರ್ಚಿಸುತ್ತಿದ್ದರು. ಪ್ರವೇಶ ಸಿಗದವರನ್ನೂ ತಮ್ಮ ತರಗತಿಗೆ ಸೇರಿಸಿಕೊಳ್ಳಲು ಹಟ ಹಿಡಿದು 1972ರಲ್ಲಿ ಹುದ್ದೆಯನ್ನೇ ಕಳೆದುಕೊಂಡರು. ಇಂಥ ಮಾತುಕತೆಗೆ ಮುಗಿದ ಚಿತ್ರಕ್ಕಿಂತ ಮುಗಿಯದ ಚಿತ್ರವೇ ಹೆಚ್ಚು ಒದಗುತ್ತದೆ. ನಮ್ಮಲ್ಲಿ ಅಸೈನ್‌ಮೆಂಟನ್ನು ಪೂರ್ತಿ ಮಾಡಿ, ಮೌಂಟ್ ಹಚ್ಚಿ ಒಪ್ಪಿಸುವುದು ರೂಢಿ; ಅಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರೋ ಆ ಜಾಗವನ್ನೇ ತೋರಿಸಬೇಕು. ಪ್ರಾಧ್ಯಾಪಕರು ಬಾರದ ದಿನಗಳಲ್ಲಿ ಕಲಿಸುವವರು ಪಕ್ಕದ ಈಸೆಲ್‌ನ ಹಿರಿಯ ವಿದ್ಯಾರ್ಥಿಗಳು. ನೀವು ಸ್ಟುಡಿಯೋ ತಪ್ಪಿಸಿದ ಒಂದೊಂದು ದಿನವೂ ಆ ಪಾಠ ತಪ್ಪಿದೆ ಎಂಬುದನ್ನು ಬೇಸರಿಸದೆ ಒಪ್ಪಿಕೊಳ್ಳಿ, ನಾಳೆಯೇ ಹೋಗಿ.

ಹಲವು ತರಗತಿಗಳಲ್ಲಿ ಪ್ರಾಧ್ಯಾಪಕರನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಾರೆ. ಮೇಷ್ಟ್ರನ್ನು ‘ನೀನು’ ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಅವರಾಗಿ ಹಾಗೆ ಕರೆಯೆಂದು ಹೇಳುವವರೆಗೆ ಬಹುವಚನವನ್ನೇ ಬಳಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಹೇಳಿದ ಮೇಲೆ ಮಾತ್ರ ಸಂಕೋಚ ಬಿಡಿ, ಏಕೆಂದರೆ ಅದು ತಮ್ಮೊಳಗೆ ಸೇರಿಸಿಕೊಳ್ಳುವ ಆಹ್ವಾನ.

ಇನ್ನು ನಿಮ್ಮ ಕೆಂಪು ಮತ್ತು ಗೆರೆಯ ವಿಷಯ. ಪತ್ರದ ಅತ್ಯಂತ ಮುಖ್ಯವಾದ ಭಾಗವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿಯಾಗಿರುವಾಗಲೇ ಮೊನಚಾದ ಉಪಕರಣದಿಂದ ಕೆರೆದು ಕೆಳಗಿನ ಬಿಳುಪನ್ನು ಹೊರತೆಗೆಯುತ್ತಾರೆ. ಅಂದರೆ ಅಲ್ಲಿ ಗೆರೆಯನ್ನು ಎಳೆಯುವುದಿಲ್ಲ, ಬಣ್ಣವನ್ನು ತೆಗೆದಾಗ ಗೆರೆ ಉಳಿಯುತ್ತದೆ. ‘ಈ ಗೆರೆ ಇಲ್ಲಿ ಯಾಕೆ?’ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕೆ? ನೀವು ಕ್ಯಾನ್ವಾಸಿನ ಮೇಲೆ ಕುಂಚದಿಂದ ಬಿಳಿ ಗೆರೆ ಎಳೆದಿದ್ದರೆ, ಆ ಗೆರೆಗೆ ಕಾವಿಯ ತರ್ಕ ಇಲ್ಲವಾಗಿ, ಬರಿಯ ಆಕಾರವಷ್ಟೇ ಉಳಿದಿರಬಹುದು. ಪ್ರಾಧ್ಯಾಪಕರ ಕಣ್ಣು ಅದನ್ನೇ ಹಿಡಿದಿರಬಹುದು.

ಆದ್ದರಿಂದ ನನ್ನ ಸಲಹೆ: ಅಕಾಡೆಮಿಯಲ್ಲಿ ಅಚ್ಚಿನ ಚಿತ್ರಗಳನ್ನು ಮಾಡುವ ಗ್ರಾಫಿಕ್ ಕಾರ್ಯಾಗಾರಕ್ಕೆ ಹೋಗಿ, ಅಲ್ಲಿನ ಮುಖ್ಯಸ್ಥರನ್ನು ಕಂಡು, ಪರಿಚಯ ತರಬೇತಿಗೆ ಹೆಸರು ಬರೆಸಿ. ಆ ತರಬೇತಿಯಿಲ್ಲದೆ ಯಂತ್ರ ಮುಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ. ಲೋಹದ ತಗಡಿನ ಅಚ್ಚಾದ ಎಚ್ಚಿಂಗ್‌ನಲ್ಲಿ ಸೂಜಿಯಿಂದ ಕೆರೆದ ಗೆರೆ ಶಾಯಿ ಹಿಡಿದು ಕಪ್ಪಾಗಿ ಅಚ್ಚಾಗುತ್ತದೆ. ಮರದ ಅಚ್ಚಾದ ವುಡ್‌ಕಟ್‌ನಲ್ಲಿ ಉಳಿಯಿಂದ ಕೆತ್ತಿದ ಗೆರೆ ಬಿಳಿಯಾಗಿ ಉಳಿಯುತ್ತದೆ. ಕಾವಿಗೆ ಹತ್ತಿರದ್ದು ವುಡ್‌ಕಟ್. ನೀವಿರುವುದು ಅದು ಚೆನ್ನಾಗಿ ಬೆಳೆದ ನಾಡಿನಲ್ಲಿಯೇ: 1498ರಲ್ಲಿ ಚಿತ್ರಕಾರ ಡ್ಯೂರರ್ ನ್ಯೂರೆಂಬರ್ಗ್‌ನಲ್ಲಿ ತಮ್ಮ ದೊಡ್ಡ ವುಡ್‌ಕಟ್ ಮಾಲೆಯನ್ನು ಪ್ರಕಟಿಸಿದರು, 1905ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ‘ಬ್ರ್ಯೂಕೆ’ ಗುಂಪಿನ ತರುಣರು ಮರದ ಒರಟುತನವನ್ನೇ ಭಾಷೆ ಮಾಡಿಕೊಂಡರು, ಮೊದಲ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಕಲಾವಿದೆ ಕೇಟೆ ಕೋಲ್ವಿಟ್ಸ್ ತಮ್ಮ ದುಃಖವನ್ನು ಹೇಳಲು ಮರವನ್ನೇ ಆರಿಸಿಕೊಂಡರು. ಕಾರ್ಯಾಗಾರಕ್ಕೆ ಇನ್ನೊಂದು ಗುಣವಿದೆ. ಭಾಷೆ ಅರ್ಧಂಬರ್ಧವಾಗಿದ್ದರೂ ಅಲ್ಲಿ ಕೈ ಮಾತನಾಡುತ್ತದೆ. ಉಳಿ, ರೋಲರ್, ಶಾಯಿ, ಪ್ರೆಸ್ಸಿನ ಒತ್ತಡ ಇವುಗಳ ಹೆಸರಿನಿಂದಲೇ ನನಗೆ ಆ ನಾಡಿನ ಭಾಷೆ ಬಂದಿತು, ಪುಸ್ತಕದಿಂದಲ್ಲ.

ಹಣೆಪಟ್ಟಿಯ ಭಯ ಸುಳ್ಳಲ್ಲ. ಯಾರಾದರೂ ಅಂಟಿಸಿಯೇ ಅಂಟಿಸುತ್ತಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತರು. ಅಲ್ಲಿನ ಆಧುನಿಕತೆಯನ್ನು ಅರಗಿಸಿಕೊಂಡ ಮೇಲೂ ಅವರ ರೇಖೆ ನಮ್ಮ ನೃತ್ಯದ, ನಮ್ಮ ಜನಜೀವನದ ಲಯವನ್ನು ಬಿಟ್ಟುಕೊಡಲಿಲ್ಲ. ಕಾವಿಯನ್ನು ಅಲಂಕಾರವಾಗಿ ತೋರಿಸಿದರೆ ಹಣೆಪಟ್ಟಿ ನಿಲ್ಲುತ್ತದೆ, ವಿಧಾನವಾಗಿ ದುಡಿಸಿಕೊಂಡರೆ ಜನ ಕೆಲಸದ ಬಗ್ಗೆ ಮಾತನಾಡತೊಡಗುತ್ತಾರೆ ಎಂಬುದು ನನ್ನ ನಂಬಿಕೆ.

ಡಿಸೆಂಬರ್, ಜನವರಿಗಳಲ್ಲಿ ಅಲ್ಲಿ ಹಗಲು ಸುಮಾರು ಎಂಟೇ ಗಂಟೆ. ಕರಾವಳಿಯ ಬೆಳಕಿನಲ್ಲಿ ಬೆಳೆದವರ ಮನಸ್ಸು ಆ ಕತ್ತಲಲ್ಲಿ ಕುಗ್ಗುವುದು ದೌರ್ಬಲ್ಯವಲ್ಲ. ಬಣ್ಣದ ಕೆಲಸವನ್ನು ಹಗಲಿಗಿಟ್ಟುಕೊಂಡು, ಕೆತ್ತನೆ, ರೇಖಾಚಿತ್ರಗಳನ್ನು ದೀಪದ ಬೆಳಕಿಗೆ ಬಿಡಿ. ವಿದ್ಯಾರ್ಥಿ ಸೇವಾ ಸಂಸ್ಥೆಗಳು ಆಪ್ತಸಮಾಲೋಚನೆ ನಡೆಸುತ್ತವೆ; ಎರಡು ವಾರಗಳಾದರೂ ಮನಸ್ಸು ಹಗುರಾಗದಿದ್ದರೆ ತಡಮಾಡದೆ ಹೋಗಿ. ಮನೆಯವರಿಗೂ ಹೇಳಿ. ಸಾಲ ಮಾಡಿದವರಿಗೆ ಮಗಳ ಮೌನ ಸಾಲಕ್ಕಿಂತ ಭಾರವಾಗಿರುತ್ತದೆ.

ಫೆಬ್ರುವರಿಯ ಪ್ರದರ್ಶನಕ್ಕೆ ಒಂದೇ ಒಂದು ಅಚ್ಚು ಇಟ್ಟರೂ ಸಾಕು. ಯಾರಾದರೂ ಕೊಳ್ಳಲು ಮುಂದೆ ಬಂದರೆ ಒಂದು ಎಚ್ಚರಿಕೆ ಇರಲಿ. ವಿದ್ಯಾರ್ಥಿ ವಾಸಪರವಾನಗಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಸಂಬಳದ ಕೆಲಸ ಮಾಡಬಹುದು, ಆದರೆ ಸ್ವತಂತ್ರ ವೃತ್ತಿಗೆ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು. ಚಿತ್ರ ಮಾರುವುದು ಸ್ವತಂತ್ರ ವೃತ್ತಿಯೆಂದು ಪರಿಗಣಿಸಲ್ಪಡಬಹುದಾದ್ದರಿಂದ, ಹಣ ಪಡೆಯುವ ಮೊದಲೇ ಆ ಕಚೇರಿಯನ್ನು ಕೇಳಿಕೊಳ್ಳಿ.

ಪ್ರಶ್ನೆ: ನನ್ನ ಮಗ ಮುಂದಿನ ವರ್ಷ ಚಿತ್ರಕಲೆ ಓದಲು ಜರ್ಮನಿಗೆ ಹೊರಟಿದ್ದಾನೆ. ಎಷ್ಟು ಹಣ ತೋರಿಸಬೇಕು? ಅವನ ಬಣ್ಣ, ಕಾಗದಗಳನ್ನೆಲ್ಲ ಇಲ್ಲಿಂದಲೇ ಕಳುಹಿಸಬೇಕೆ? (ದಾವಣಗೆರೆಯ ಓದುಗರು)

ಉತ್ತರ: 2024ರ ಸೆಪ್ಟೆಂಬರ್‌ನಿಂದ ನಿಗದಿಯಾದಂತೆ ನಿರ್ಬಂಧಿತ ಖಾತೆಯಲ್ಲಿ (ವೀಸಾಕ್ಕಾಗಿ ತೆರೆಯುವ, ತಿಂಗಳಿಗೆ ಇಷ್ಟೇ ಎಂದು ಹಣ ಕೊಡುವ ಬ್ಯಾಂಕ್ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು; ಮಗನಿಗೆ ತಿಂಗಳಿಗೆ 992 ಯೂರೋ ಮಾತ್ರ ಸಿಗುತ್ತದೆ. ವೀಸಾಕ್ಕೆ ಅರ್ಜಿ ಹಾಕುವ ಹೊತ್ತಿಗೆ ಈ ಮೊತ್ತ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ (ಇಲ್ಲಿನ ಶಿಕ್ಷಣದ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯವಾಗಿರುವುದರಿಂದ ಅದನ್ನು ಮೊದಲೇ ಮಾಡಿಸಿ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಬೋಧನಾ ಶುಲ್ಕವಿದೆ ಎಂಬುದನ್ನು ಸಂಸ್ಥೆ ಆರಿಸುವಾಗ ನೆನಪಿಡಿ.

ಬಣ್ಣ, ಕಾಗದಗಳನ್ನು ಹೊರಿಸಬೇಡಿ. ಟರ್ಪೆಂಟೈನ್, ಥಿನ್ನರ್ ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದಲ್ಲಿ ಒಯ್ಯುವಂತಿಲ್ಲ. ನಮ್ಮ 22×30 ಅಂಗುಲದ ಇಂಪೀರಿಯಲ್ ಹಾಳೆ ಅಲ್ಲಿನ ಎ-ಅಳತೆಯ ಫೋಲ್ಡರ್‌ಗೂ ಚೌಕಟ್ಟಿಗೂ ಸರಿಹೊಂದುವುದಿಲ್ಲ. ಕೈಗೆ ಒಗ್ಗಿದ ಕುಂಚಗಳು, ಇಷ್ಟದ ಉಳಿಗಳು, ಇದುವರೆಗಿನ ಸ್ಕೆಚ್ ಪುಸ್ತಕಗಳು ಜೊತೆಗಿರಲಿ. ಉಳಿಗಳನ್ನು ಮಾತ್ರ ಕೈಚೀಲದಲ್ಲಿ ಇಡದೆ, ಬಟ್ಟೆ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಲು ಹೇಳಿ.