ಧೈರ್ಯ ಹೇಳುವುದಕ್ಕೂ ಪದವಿ ಬೇಕೇ?

ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಹನ್ನೊಂದು ವರ್ಷಗಳಿಂದ ಶುಶ್ರೂಷಕಿಯಾಗಿರುವ ಓದುಗರೊಬ್ಬರ ಪತ್ರ ಬಂದಿದೆ. ಅವರ ವಿಭಾಗಕ್ಕೆ ಹೊಸದಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸಾ ಮನೋವಿಜ್ಞಾನಿ) ಒಬ್ಬರು ನೇಮಕವಾಗಿದ್ದಾರೆ. ಸಿಬ್ಬಂದಿಯೂ ತಮ್ಮ ಕಷ್ಟವನ್ನು ಅವರಲ್ಲಿ ಹೇಳಿಕೊಳ್ಳಬಹುದೆಂಬ ಸುತ್ತೋಲೆ ಹೊರಟಿದೆ. ‘ಇಷ್ಟು ವರ್ಷ ರೋಗಿಗಳಿಗೆ ನಾವೇ ಧೈರ್ಯ ಹೇಳುತ್ತಿದ್ದೆವು. ಧೈರ್ಯ ಹೇಳುವುದಕ್ಕೂ ಪದವಿ ಬೇಕೇ? ನಮ್ಮ ಮೇಲಧಿಕಾರಿಗಳ ಜೊತೆ ಸಭೆಯಲ್ಲಿ ಕೂರುವವರ ಮುಂದೆ ನಾನು ಮನಸ್ಸು ಬಿಚ್ಚುವುದು ಹೇಗೆ? ಕಳೆದ ತಿಂಗಳು ಆಪರೇಷನ್ ಥಿಯೇಟರಿನಲ್ಲಿ ರೋಗಿಯೊಬ್ಬರು ತೀರಿಕೊಂಡ ಮರುದಿನ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ನಡೆದದ್ದನ್ನೆಲ್ಲ ಹೇಳಿಸಿದರು. ಆಮೇಲೆ ಒಂದು ವಾರ ನನಗೆ ನಿದ್ದೆ ಬರಲಿಲ್ಲ’ ಎಂದು ಅವರು ಬರೆದಿದ್ದಾರೆ.

ನಿಮ್ಮ ಮೊದಲ ಪ್ರಶ್ನೆಯಲ್ಲಿರುವ ನೋವು ನನಗೆ ಅರ್ಥವಾಗುತ್ತದೆ, ಮತ್ತು ಅದರಲ್ಲಿ ನ್ಯಾಯವೂ ಇದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಆಡುವ ಮಾತಿಗೆ ಎಷ್ಟು ಬಲವಿದೆ ಎಂಬುದನ್ನು ತೋರಿಸಿದ ಹೆಸರಾಂತ ಅಧ್ಯಯನವೊಂದು 1964ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದ 97 ರೋಗಿಗಳಲ್ಲಿ ಒಂದು ಗುಂಪಿನವರಿಗೆ, ಎಚ್ಚರವಾದ ಮೇಲೆ ಎಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ, ಗಾಯದ ಕೆಳಗಿನ ಸ್ನಾಯುಗಳು ಬಿಗಿಯುವುದರಿಂದ ಆ ನೋವು ಹೇಗೆ ಹೆಚ್ಚುತ್ತದೆ, ಮಗ್ಗುಲು ಬದಲಿಸುವಾಗ ಹೊಟ್ಟೆಯನ್ನು ಸಡಿಲಬಿಟ್ಟು ಕೈಕಾಲುಗಳ ಆಸರೆ ಪಡೆಯುವುದು ಹೇಗೆ ಎಂಬುದನ್ನು ಮುಂಚಿತವಾಗಿಯೇ ತಿಳಿಸಿಹೇಳಲಾಯಿತು. ಯಾರಿಗೆ ಹೀಗೆ ಹೇಳಲಾಗಿದೆಯೆಂಬುದು ಶಸ್ತ್ರವೈದ್ಯರಿಗೆ ಗೊತ್ತಿರಲಿಲ್ಲ. ಆ ಗುಂಪಿನವರಿಗೆ ಬೇಕಾದ ಅಫೀಮು ವರ್ಗದ ನೋವುನಿವಾರಕ ಸುಮಾರು ಅರ್ಧಕ್ಕೆ ಇಳಿಯಿತು; ಅವರು ಉಳಿದವರಿಗಿಂತ ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಆ ಮಾತುಗಳನ್ನು ಆಡಿದವರು ಮನೋವಿಜ್ಞಾನಿಗಳಲ್ಲ, ಅರಿವಳಿಕೆ ವೈದ್ಯರು. ರೋಗಿಯ ಹಾಸಿಗೆಯ ಬಳಿ ಒಳ್ಳೆಯ ಮಾತನಾಡುವುದು ಯಾರೊಬ್ಬರ ಸ್ವತ್ತೂ ಅಲ್ಲ, ನೀವು ಹನ್ನೊಂದು ವರ್ಷ ಮಾಡಿದ್ದು ಸಣ್ಣ ಕೆಲಸವೂ ಅಲ್ಲ.

ಆದರೆ ಅಲ್ಲಿ ಹೇಳಿದ್ದು ‘ಏನೂ ಆಗುವುದಿಲ್ಲ, ಹೆದರಬೇಡಿ’ ಎಂದಲ್ಲ. ‘ನೋವಾಗುತ್ತದೆ, ಆದಾಗ ಹೀಗೆ ಮಾಡಿ’ ಎಂದು. ಇವೆರಡರ ನಡುವಿನ ಅಂತರವನ್ನು ನಾನು ನನ್ನದೇ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಕಂಡಿದ್ದೇನೆ. ಬಂದವರೆಲ್ಲ ಧೈರ್ಯ ಹೇಳಿದರು. ನನಗೆ ಯಾವುದರ ಭಯ ಎಂದು ಒಬ್ಬರೂ ಕೇಳಲಿಲ್ಲ. ನನಗಿದ್ದದ್ದು ಸಾವಿನ ಭಯವಲ್ಲ, ನಡುವೆ ಎಚ್ಚರವಾಗಿಬಿಟ್ಟರೆ ಎಂಬ ಭಯ. ಅದಕ್ಕೆ ಉತ್ತರವಿತ್ತು: ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಹಾಗೆ ಎಚ್ಚರವಾಗಿತ್ತೆಂದು ರೋಗಿಗಳೇ ಹೇಳಿದ ಪ್ರಸಂಗಗಳು ಸುಮಾರು 19,000 ಪೂರ್ಣ ಅರಿವಳಿಕೆಗಳಿಗೆ ಒಂದು. ಆ ಒಂದು ವಾಕ್ಯ ನನಗೆ ಅಂದು ಸಿಕ್ಕಿದ್ದರೆ ಸಾಕಿತ್ತು.

ಪದವಿಯ ಅಗತ್ಯ ಬೀಳುವುದು ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ ತಪ್ಪಾಗುವ ಕಡೆ. ಸೂಜಿಯನ್ನೋ ರಕ್ತವನ್ನೋ ಕಂಡರೆ ಕಣ್ಣು ಕತ್ತಲಿಟ್ಟು ಬೀಳುವವರನ್ನು ನೀವು ನೋಡಿಯೇ ಇರುತ್ತೀರಿ. ಅಂಥವರಿಗೆ ನಾವೆಲ್ಲ ಹೇಳುವುದು ‘ಮೈ ಸಡಿಲ ಬಿಡಿ’ ಎಂದೇ. ಮಿಕ್ಕ ಭಯಗಳಲ್ಲಿ ರಕ್ತದೊತ್ತಡ ಏರಿ ಏರಿಯೇ ಇರುತ್ತದೆ. ಈ ಒಂದು ಭಯದಲ್ಲಿ ಅದು ಮೊದಲು ಏರಿ, ಆಮೇಲೆ ತಟ್ಟನೆ ಕುಸಿಯುತ್ತದೆ, ಮೂರ್ಛೆ ಬರುವುದು ಅದರಿಂದಲೇ. ಕುಸಿಯುತ್ತಿರುವ ಮೈಯನ್ನು ಇನ್ನಷ್ಟು ಸಡಿಲಿಸಿದರೆ ಬೀಳುವುದು ಬೇಗವಾಗಬಹುದು. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಯೋರಾನ್ ಅಸ್ಟ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ರೂಪಿಸಿದ ವಿಧಾನ ಇದಕ್ಕೆ ತದ್ವಿರುದ್ಧವಾದದ್ದು: ತೋಳು, ತೊಡೆ, ಎದೆಗಳ ಸ್ನಾಯುಗಳನ್ನು ಮುಖ ಬೆಚ್ಚಗಾಗುವವರೆಗೆ, ಅಂದರೆ 10ರಿಂದ 15 ಸೆಕೆಂಡು ಬಿಗಿಹಿಡಿಯುವುದು, 20-30 ಸೆಕೆಂಡು ಬಿಡುವುದು, ಹೀಗೆ ಐದು ಸಲ, ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲವಾಗಿಟ್ಟುಕೊಳ್ಳುವುದು. ಇದನ್ನು ನಿಮ್ಮ ಮನೋವಿಜ್ಞಾನಿಯಿಂದ ನೀವೂ ಕಲಿಯಬಹುದು, ಕಲಿಯಬೇಕು ಕೂಡ.

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರವಾದದ್ದು. ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಿಗೆ ಸನ್ನಿ ಹಿಡಿಯುವುದು ಅಪರೂಪವಲ್ಲ. ಕೂಗಾಡುವ, ನಳಿಕೆ ಕೀಳುವ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾತು ಕಡಿಮೆ ಮಾಡಿ, ಊಟ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗುವ ಸನ್ನಿಯನ್ನು ‘ಪಾಪ, ಬೇಸರವಾಗಿದೆ’ ಎಂದು ಬಿಟ್ಟುಬಿಡುತ್ತೇವೆ. ಅದರ ಹಿಂದೆ ಸೋಂಕು, ಆಮ್ಲಜನಕದ ಕೊರತೆ, ಔಷಧದ ಪರಿಣಾಮ ಏನೂ ಇರಬಹುದು. ಇದು ಮಾತಿನಿಂದ ವಾಸಿಯಾಗುವಂಥದ್ದಲ್ಲ, ಕೂಡಲೇ ವೈದ್ಯರನ್ನು ಕರೆಯಿರಿ ಎಂದು ಹೇಳಬಲ್ಲವರನ್ನೇ ನಾನು ಒಳ್ಳೆಯ ಮನೋವಿಜ್ಞಾನಿ ಎನ್ನುತ್ತೇನೆ.

ಎರಡನೆಯ ಪ್ರಶ್ನೆಯಲ್ಲಿ ನಾನು ಬಹುಮಟ್ಟಿಗೆ ನಿಮ್ಮ ಪಕ್ಷ. ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಆಸ್ಪತ್ರೆಯೊಂದರ ಶುಶ್ರೂಷಾ ವ್ಯವಸ್ಥೆಯನ್ನು ಅಧ್ಯಯನ ಮಾಡಿ 1960ರ ಸುಮಾರಿಗೆ ಬರೆದದ್ದು ಇಂದಿಗೂ ಹಳತಾಗಿಲ್ಲ. ಒಬ್ಬ ರೋಗಿಯ ಶುಶ್ರೂಷೆಯನ್ನು ತುಂಡು ತುಂಡು ಮಾಡಿ ಹಲವರಿಗೆ ಹಂಚುವುದು, ರೋಗಿಯನ್ನು ಹೆಸರಿನಿಂದಲ್ಲದೆ ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅಂಗದಿಂದಲೋ ಗುರುತಿಸುವುದು, ಇವೆಲ್ಲ ಕೇವಲ ಅನುಕೂಲಕ್ಕೆ ಹುಟ್ಟಿದ ಪದ್ಧತಿಗಳಲ್ಲ, ಸಾವು ನೋವುಗಳ ಪಕ್ಕದಲ್ಲಿ ದಿನವೂ ನಿಲ್ಲುವವರ ಆತಂಕವನ್ನು ದೂರವಿಡಲು ಇಡೀ ಸಂಸ್ಥೆಯೇ ಕಟ್ಟಿಕೊಂಡ ಗೋಡೆಗಳು, ಮತ್ತು ಆ ಗೋಡೆಗಳಿಂದ ಆತಂಕ ತಗ್ಗುವ ಬದಲು ಒಳಗೇ ಉಳಿಯುತ್ತದೆ ಎಂಬುದು ಅವರ ವಾದ. ಹೀಗಿರುವಾಗ ಶುಶ್ರೂಷಕಿ ಮನಸ್ಸು ಬಿಚ್ಚದಿರುವುದು ಅವರ ಹಟವಲ್ಲ. ವಾರ್ಡು ಅವರಿಗೆ ಕಲಿಸಿದ್ದೇ ಅದನ್ನು. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಬಸವಳಿಯುವುದು) ಎಂಬುದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ಹೇಳಿದೆ. ಎರಡು ಜನರ ಕೆಲಸವನ್ನು ಒಬ್ಬರಿಂದ ಮಾಡಿಸುವ ವಾರ್ಡಿಗೆ ಉಸಿರಾಟದ ಅಭ್ಯಾಸ ಹೇಳಿಕೊಡಲು ಮನೋವಿಜ್ಞಾನಿಯನ್ನು ಕಳುಹಿಸುವುದು, ಆ ವೃತ್ತಿಗೂ ನಿಮಗೂ ಮಾಡುವ ಅನ್ಯಾಯ.

ಆದ್ದರಿಂದ ನಿಮ್ಮ ಮನೋವಿಜ್ಞಾನಿಯನ್ನು ನೇರವಾಗಿಯೇ ಕೇಳಿ: ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಅದನ್ನು ಯಾರು ಓದಬಲ್ಲರು, ಯಾವ ಸಂದರ್ಭದಲ್ಲಿ ನನ್ನನ್ನು ಕೇಳದೆ ಹೊರಗೆ ಹೇಳುತ್ತೀರಿ? ಯಾರದ್ದಾದರೂ ಜೀವಕ್ಕೆ ಅಪಾಯವಿರುವಾಗ ಅಥವಾ ಕಾನೂನು ಒತ್ತಾಯಿಸಿದಾಗ ಎಂಬ ಬಗೆಯ ಸ್ಪಷ್ಟ ಉತ್ತರ ಬಂದರೆ ಮುಂದೆ ಯೋಚಿಸಬಹುದು. ಸಿಬ್ಬಂದಿಯ ದಾಖಲೆ ಆಡಳಿತ ವಿಭಾಗದ ಕಡತ ಸೇರುವುದಾದರೆ ನೀವು ಬಾಯಿ ಬಿಡದಿರುವುದೇ ಸರಿ. ನನ್ನ ಅಭಿಪ್ರಾಯದಲ್ಲಿ, ದಿನವೂ ನಿಮ್ಮ ಜೊತೆಯಲ್ಲೇ ದುಡಿಯುವ ಮನೋವಿಜ್ಞಾನಿ ಮೊದಲ ಮಾತುಕತೆಗೆ, ಗುಂಪು ಚರ್ಚೆಗೆ ಸಲ್ಲುತ್ತಾರೆ. ದೀರ್ಘಕಾಲದ ಚಿಕಿತ್ಸೆ ಬೇಕಾದಾಗ ಹೊರಗಿನ ಇನ್ನೊಬ್ಬರ ಬಳಿ ಕಳುಹಿಸುವುದೇ ಕ್ಷೇಮ.

ಇನ್ನು ಸಾವಿನ ಮರುದಿನ ನಿಮ್ಮನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಹೇಳಿಸಿದ ವಿಷಯ. ಆಘಾತದ ಬೆನ್ನಿಗೇ ಎಲ್ಲರಿಂದ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2002ರ ಪರಾಮರ್ಶೆ ಇಂಥ ಒಂದೇ ಬೈಠಕ್ಕಿನ ಪ್ರಯೋಗಗಳನ್ನು ಒಟ್ಟಾಗಿ ನೋಡಿ, ಮುಂದಿನ ಮಾನಸಿಕ ತೊಂದರೆಯನ್ನು ಅದು ತಡೆಯುತ್ತದೆಂಬುದಕ್ಕೆ ಆಧಾರ ಕಾಣಲಿಲ್ಲ. ಒಂದು ಪ್ರಯೋಗದಲ್ಲಂತೂ ವರ್ಷದ ನಂತರ ತೊಂದರೆ ಹೆಚ್ಚಾಗಿತ್ತು. 2005ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ಹೊರಡಿಸುವ ನೈಸ್ ಸಂಸ್ಥೆಯೂ ಇದನ್ನು ವಾಡಿಕೆಯಾಗಿ ಮಾಡಬಾರದೆಂದಿತು. ನಿಮಗೆ ಅಂದು ಬೇಕಿದ್ದದ್ದು ಮನೆಗೆ ಹೋಗಲು ಅನುಮತಿ, ಜೊತೆಗೆ ಒಬ್ಬ ಸಹೋದ್ಯೋಗಿ, ಕೆಲವು ವಾರಗಳ ನಂತರ ‘ಹೇಗಿದ್ದೀರಿ’ ಎಂದು ಮತ್ತೆ ಕೇಳುವ ಒಬ್ಬರು. ನಿದ್ದೆಗೇಡು ಈಗಲೂ ಬಿಟ್ಟುಬಿಟ್ಟು ಕಾಡುತ್ತಿದ್ದರೆ, ಆ ಥಿಯೇಟರಿನ ಬಾಗಿಲು ಕಂಡರೆ ಎದೆ ಬಡಿದುಕೊಳ್ಳುತ್ತಿದ್ದರೆ, ತಡಮಾಡದೆ ಹೊರಗಿನ ತಜ್ಞರನ್ನು ಕಾಣಿರಿ. ಆ ಏರ್ಪಾಡು ಮಾಡಿದವರು ಯಾರೆಂದು ನೀವು ಬರೆದಿಲ್ಲ. ಅದು ಆಡಳಿತದವರದ್ದಾಗಿದ್ದರೆ, ನಿಮ್ಮ ಮನೋವಿಜ್ಞಾನಿಗೆ ಅದು ಹಿಡಿಸಿತ್ತೇ ಎಂದು ಒಮ್ಮೆ ಅವರನ್ನೇ ಕೇಳಿ ನೋಡಿ. ಅವರದ್ದೇ ಆಗಿದ್ದರೆ, ನನಗೆ ಬರೆದದ್ದನ್ನು ಅವರಿಗೂ ಹೇಳಿ.