ತಾಪಾಸ್ ತಿನ್ನಲು ಹೊರಟವರಿಗೆ

ಪ್ರಶ್ನೆ: ನಾವು ನಾಲ್ವರು ಸ್ಪೇನ್ ಪ್ರವಾಸಕ್ಕೆ ಹೊರಟಿದ್ದೇವೆ. ತಾಪಾಸ್ (ಹಂಚಿಕೊಂಡು ತಿನ್ನುವ ಸಣ್ಣ ಸಣ್ಣ ತಿನಿಸು) ಹೋಟೆಲುಗಳಲ್ಲಿ ಒಂದೇ ತಿನಿಸಿಗೆ ಮೂರು ದರ ಹಾಕಿರುತ್ತಾರಂತೆ, ಯಾಕೆ? ನಾಲ್ವರಿಗೆ ಎಷ್ಟು ಆರ್ಡರ್ ಮಾಡಬೇಕು?

ಉತ್ತರ: ಮೂರು ದರ ಮೂರು ಅಳತೆಗೆ. ‘ತಾಪಾ’ ಅಂದರೆ ನಾಲ್ಕಾರು ತುತ್ತು. ‘ರಾಸಿಯೋನ್’ ಮೂರು ನಾಲ್ಕು ಜನ ಹಂಚಿಕೊಳ್ಳುವ ತುಂಬು ತಟ್ಟೆ. ‘ಮೇದಿಯಾ ರಾಸಿಯೋನ್’ ಅದರ ಅರ್ಧ. ಕೆಲವು ಕಡೆ ತಾಪಾ ಅಳತೆ ಕೌಂಟರಿನಲ್ಲಿ ನಿಂತವರಿಗೆ ಮಾತ್ರ. ಮೇಜಿಗೆ ಕೂತರೆ ದೊಡ್ಡ ತಟ್ಟೆಯೇ ಗತಿ. ಹೊರಗೆ ಹಾಕಿದ ಮೇಜುಗಳಿಗೆ ದರ ಹೆಚ್ಚಿರುವುದೂ ಉಂಟು. ಕೂರುವ ಮೊದಲೇ ವಿಚಾರಿಸಿ.

ನಾಲ್ವರಿಗೆ ಮೊದಲ ಸುತ್ತಿನಲ್ಲಿ ಮೂರು ಮೇದಿಯಾ ರಾಸಿಯೋನ್ ಸಾಕು: ಒಂದು ತಣ್ಣಗಿನದು, ಒಂದು ಕರಿದದ್ದು, ಒಂದು ಬಿಸಿಯಾಗಿ ಬೇಯಿಸಿದ್ದು. ಹತ್ತು ಬಗೆಯನ್ನು ಒಂದೇ ಸಲ ಹೇಳಿದರೆ ಕೆಟ್ಟಿತು. ಅಡುಗೆಮನೆಯವರು ಯಾವುದು ಮೊದಲು ಆಯಿತೋ ಅದನ್ನು ಕಳಿಸುತ್ತಾರೆ, ಸರದಿ ನೋಡುವುದಿಲ್ಲ. ಆಲಿವ್ ಮುಗಿಸುವಷ್ಟರಲ್ಲಿ ಕ್ರೋಕೇತಾ (ಬ್ರೆಡ್ ಪುಡಿ ಹಚ್ಚಿ ಕರಿದ ಮೆತ್ತನೆಯ ಉಂಡೆ) ಆರಿ ಮೇಲಿನ ಗರಿ ಹೋಗಿರುತ್ತದೆ. ಖಾರದ ಸಾಸ್ ಹಾಕಿದ ಕರಿದ ಆಲೂಗಡ್ಡೆ, ಅಂದರೆ ಪತಾತಾಸ್ ಬ್ರಾವಾಸ್, ಆ ಸಾಸ್ ಕುಡಿದು ಮೆತ್ತಗಾಗಿರುತ್ತದೆ. ತಟ್ಟೆ ಖಾಲಿಯಾದ ಹಾಗೆ ಮುಂದಿನದು ಹೇಳಿ, ಯಾರೂ ಬೇಸರಿಸುವುದಿಲ್ಲ. ಬೆಳ್ಳುಳ್ಳಿ ಎಣ್ಣೆಯಲ್ಲಿ ಕುದಿಯುತ್ತಾ ಬರುವ ಸಿಗಡಿಗೆ (ಗಾಂಬಾಸ್ ಅಲ್ ಅಹೀಯೋ) ಬ್ರೆಡ್ ಬೇಕೇ ಬೇಕು, ರುಚಿಯೆಲ್ಲ ಆ ಎಣ್ಣೆಯಲ್ಲೇ ಇರುವುದು. ಬ್ರೆಡ್ಡಿಗೆ ಹಲವು ಕಡೆ ಬೇರೆ ದುಡ್ಡು.

ರಾತ್ರಿ ಊಟಕ್ಕೆ ಏಳಕ್ಕೇ ಹೋಗಬೇಡಿ. ಮಧ್ಯಾಹ್ನ ನಾಲ್ಕರ ನಂತರ ಬಹುಪಾಲು ಅಡುಗೆಮನೆ ಮುಚ್ಚಿ, ಮತ್ತೆ ತೆರೆಯುವುದು ಎಂಟರ ಮೇಲೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರು ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಏನು ಸಿಗುತ್ತದೆ?

ಉತ್ತರ: ಹೆಸರು ನೋಡಿ ನಂಬಬೇಡಿ. ‘ಮಾಂಸ ಬೇಡ’ ಎಂದರೂ ಹಂದಿಯ ಹಾಮೋನ್ ಚೂರು ಉದುರಿಸಿ ತರುವವರಿದ್ದಾರೆ. ‘ಸಿನ್ ಹಾಮೋನ್, ಸಿನ್ ಆತೂನ್, ಸಿನ್ ವೆವೋ’ (ಹಾಮೋನ್, ಟ್ಯೂನಾ ಮೀನು, ಮೊಟ್ಟೆ ಬೇಡ) ಎಂದು ಬಿಡಿಬಿಡಿಯಾಗಿ ಹೇಳಿ. ಎನ್ಸಲಾದಾ ಮಿಕ್ಸ್ತಾ ಎಂಬ ಸಲಾಡಿನಲ್ಲಿ ಸಾಮಾನ್ಯವಾಗಿ ಟ್ಯೂನಾ ಇರುತ್ತದೆ. ಟೊಮೆಟೊದ ತಣ್ಣನೆಯ ಗಟ್ಟಿ ಸೂಪ್ ಸಾಲ್ಮೊರೇಹೊ ಮೇಲೆ ಮೊಟ್ಟೆ, ಹಾಮೋನ್ ಎರಡೂ. ತೋರ್ತಿಯಾ ಎಂಬುದು ಮೊಟ್ಟೆ–ಆಲೂಗಡ್ಡೆಯದೇ. ಧೈರ್ಯವಾಗಿ ಹೇಳಬಹುದಾದವು: ಟೊಮೆಟೊ ಉಜ್ಜಿದ ಬ್ರೆಡ್ (ಪಾನ್ ಕೊನ್ ತೊಮಾತೆ), ಹುರಿದ ಪಾದ್ರೋನ್ ಎಂಬ ಸಣ್ಣ ಹಸಿರು ಮೆಣಸಿನಕಾಯಿ. ದಕ್ಷಿಣದ ಸೆವಿಯಾ (ಸೆವಿಲ್) ನಗರದಲ್ಲಾದರೆ ಪಾಲಕ್–ಕಡಲೆಯ ಎಸ್ಪಿನಾಕಾಸ್ ಕೊನ್ ಗಾರ್ಬಾಂಸೊಸ್ ಕೇಳಿ, ಹೊಟ್ಟೆಯೂ ತುಂಬುತ್ತದೆ. ಕರಿದದ್ದಕ್ಕೆ ಮೀನು ಕರಿದ ಎಣ್ಣೆಯೇ ಇರಬಹುದು. ಅದು ಆಗದವರು ಬ್ರಾವಾಸ್ ಬಿಡುವುದು ವಾಸಿ. ಬ್ರಾವಾಸ್ ಜೊತೆ ಮೇಯನೇಸ್ ಕೊಡುವ ಕಡೆ ಮೊಟ್ಟೆಯ ಬಗ್ಗೆಯೂ ಎಚ್ಚರ.

ಪ್ರಶ್ನೆ: ಕೌಂಟರಿನ ಮೇಲೆ ಜೋಡಿಸಿಟ್ಟದ್ದನ್ನು ನಾವೇ ತೆಗೆದುಕೊಳ್ಳಬಹುದೇ?

ಉತ್ತರ: ಉತ್ತರದ ಸಾನ್ ಸೆಬಾಸ್ಟಿಯನ್ ಕಡೆಯ ಪಿಂಚೋಸ್ (ಹೆಚ್ಚಾಗಿ ಬ್ರೆಡ್ ಮೇಲಿಟ್ಟು ಕಡ್ಡಿ ಚುಚ್ಚಿದ ತಿನಿಸು) ಬಾರುಗಳಲ್ಲಿ ಮೊದಲು ತಟ್ಟೆ ಕೇಳಿ, ತೆಗೆದದ್ದನ್ನು ಹೇಳಿ. ಕಡ್ಡಿ ಎಣಿಸಿ ಲೆಕ್ಕ ಹಾಕುವ ಕಡೆ ಅವನ್ನು ಎಸೆಯಬೇಡಿ. ಒಳ್ಳೆಯ ಬಿಸಿ ತಿನಿಸುಗಳು ಕೌಂಟರಿನ ಮೇಲಿರುವುದಿಲ್ಲ, ಗೋಡೆಯ ಹಲಗೆಯಲ್ಲಿ ಬರೆದಿರುತ್ತಾರೆ. ದಕ್ಷಿಣದ ಗ್ರಾನಾದಾ ನಗರದಲ್ಲಿ ಪದ್ಧತಿಯೇ ಬೇರೆ: ಪಾನೀಯ ಕೊಂಡರೆ ತಾಪಾ ಉಚಿತ, ಆದರೆ ಬಹುತೇಕ ಆಯ್ಕೆ ಅವರದು. ಸಸ್ಯಾಹಾರಿ ಎಂಬುದನ್ನು ಪಾನೀಯ ಕೇಳುವಾಗಲೇ ಹೇಳಿಬಿಡಿ.